ಕಾಫಿ ಕಾಂಡದ ಬೋರರ್, ಕೆರೆಯ ಈಜುಜೀರುಂಡೆ: ಎರಡನ್ನೂ ಹೋಲಿಸಿ ನೋಡುವ ಬಗೆ

ಕೊಡಗಿನ ಅರೇಬಿಕಾ ತೋಟಗಳಲ್ಲಿ ಇಳಿಜಾರಿನ ಮೇಲೆ ಕಾಫಿ, ಇಳಿಜಾರು ಮುಗಿಯುವ ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ ಇರುವುದು ಸಾಮಾನ್ಯ. ಈ ಕಾಫಿಗಿಡದ ಕಾಂಡದೊಳಗೆ ಒಂದು ಜೀರುಂಡೆ ಬೆಳೆಯುತ್ತದೆ. ಅಲ್ಲಿಂದ ನೂರಿನ್ನೂರು ಹೆಜ್ಜೆ ಕೆಳಗಿಳಿದರೆ ಕೆರೆಯ ನೀರಿನಲ್ಲಿ ಇನ್ನೊಂದು ಜೀರುಂಡೆ ಈಜುತ್ತಿರುತ್ತದೆ. ಮೊದಲನೆಯದು ಬಿಳಿ ಕಾಂಡಕೊರಕ, ತೋಟದವರ ಬಾಯಲ್ಲಿ ‘ಬೋರರ್’, ವೈಜ್ಞಾನಿಕ ಹೆಸರು ಕ್ಸೈಲೊಟ್ರೆಕಸ್ ಕ್ವಾಡ್ರಿಪೆಸ್. ಎರಡನೆಯದು ಏಷ್ಯಾದ ಕೆರೆಗದ್ದೆಗಳಲ್ಲಿ ವ್ಯಾಪಕವಾಗಿರುವ ಈಜುಜೀರುಂಡೆ, ಸಿಬಿಸ್ಟರ್ ಟ್ರೈಪಂಕ್ಟೇಟಸ್. ಒಂದು ಗಟ್ಟಿ ಮರದೊಳಗಿನ ಕತ್ತಲೆಯಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಕಳೆಯುತ್ತದೆ. ಇನ್ನೊಂದು ನೀರಿನಲ್ಲಿದ್ದರೂ ಗಾಳಿಯನ್ನೇ ಉಸಿರಾಡುತ್ತದೆ. ಇಷ್ಟು ಬೇರೆ ಬೇರೆ ನೆಲೆಗಳಲ್ಲಿರುವ ಎರಡು ಜೀವಿಗಳು ಒಂದೇ ಗಣಕ್ಕೆ ಸೇರಿದವು ಎಂಬುದನ್ನು ಪುಸ್ತಕದಲ್ಲಿ ಓದಿ ಒಪ್ಪುವುದಕ್ಕಿಂತ, ಕೈಯಲ್ಲೊಂದು ಭೂತಗನ್ನಡಿ ಹಿಡಿದು ಸ್ವತಃ ಹೋಲಿಸಿ ನೋಡುವುದು ಮೇಲು. ವಿದ್ಯಾರ್ಥಿಗಳಿಗೂ ತೋಟದಲ್ಲಿಯೇ ಬೆಳೆದವರಿಗೂ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಪದದ ವಿಷಯ. ಮಲೆನಾಡಿನ ಹಲವು ಕಡೆ ‘ಜೀರುಂಡೆ’ ಎಂದರೆ ಬೇಸಿಗೆಯಲ್ಲಿ ಮರದ ಮೇಲೆ ಕೂತು ಕಿವಿ ತುಂಬುವಂತೆ ಕೂಗುವ ಕೀಟ. ಅದು ಬೇರೆಯೇ ಗಣಕ್ಕೆ ಸೇರಿದ್ದು, ಸಸ್ಯರಸ ಹೀರುವಂಥದ್ದು. ಪಠ್ಯಪುಸ್ತಕಗಳ ರೂಢಿಯಂತೆ ಇಲ್ಲಿ ಜೀರುಂಡೆ ಎಂಬ ಮಾತನ್ನು ಕೋಲಿಯಾಪ್ಟೆರಾ ಗಣದ ಕೀಟಗಳಿಗೆ ಬಳಸಿದ್ದೇನೆ. ಮುಂದಿನ ಜೋಡಿ ರೆಕ್ಕೆಗಳು ಗಡಸಾಗಿ ಕವಚದಂತೆ ಬೆನ್ನನ್ನು ಮುಚ್ಚಿರುವುದು, ಆ ಎರಡೂ ಕವಚಗಳು ಬೆನ್ನಿನ ನಡುವೆ ನೇರ ಗೆರೆಯಲ್ಲಿ ಕೂಡುವುದು, ಹಾರುವ ತೆಳು ರೆಕ್ಕೆಗಳು ಅವುಗಳ ಕೆಳಗೆ ಮಡಚಿರುವುದು, ಬಾಯಲ್ಲಿ ಕಚ್ಚುವ ದವಡೆಗಳಿರುವುದು ಇವುಗಳ ಗುರುತು. ಹೋಲಿಕೆಯನ್ನು ಈ ಸಮಾನ ಗುರುತುಗಳಿಂದಲೇ ಆರಂಭಿಸಬೇಕು. ವ್ಯತ್ಯಾಸಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ, ಸಾಮ್ಯಗಳನ್ನು ಮಾತ್ರ ಹುಡುಕಿ ಬರೆಯಬೇಕಾಗುತ್ತದೆ.

ಯಾವಾಗ, ಎಲ್ಲಿ, ಯಾವ ಸಾಮಗ್ರಿಯೊಡನೆ

ಬೋರರ್ ವರ್ಷಕ್ಕೆ ಎರಡು ಬಾರಿ ಕಾಂಡದಿಂದ ಹೊರಬರುತ್ತದೆ: ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಎರಡನೆಯ ಅವಧಿಯೇ ನಮ್ಮ ಕೆಲಸಕ್ಕೆ ಅನುಕೂಲ. ಆ ವೇಳೆಗೆ ಮಳೆ ಹಿಂದೆ ಸರಿದಿರುತ್ತದೆ, ಕೆರೆಗಳು ತುಂಬಿ ನೀರು ತಿಳಿಯಾಗಿರುತ್ತದೆ, ಹುತ್ತರಿಗೆ ಮುಂಚಿನ ದಿನಗಳಲ್ಲಿ ಗದ್ದೆಯ ಕಾಲುವೆಗಳಲ್ಲಿಯೂ ನೀರಿರುತ್ತದೆ. ಕಕ್ಕಡದ, ಅಂದರೆ ಜುಲೈ–ಆಗಸ್ಟಿನ, ಮಳೆಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ನೀರು ಕೆಂಪಾಗಿ ಏನೂ ಕಾಣುವುದಿಲ್ಲ, ಕೆರೆಯ ಅಂಚೂ ಜಾರುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಅಗಲ ಬಾಯಿಯ ಗಾಜಿನ ಬಾಟಲಿಗಳು, ಒಂದು ಬಿಳಿ ಬೇಸಿನ್, ಉದ್ದ ಹಿಡಿಯ ಜರಡಿ, ಕತ್ತಿ, ಗಡಿಯಾರ, ಮತ್ತು ಪೆನ್ಸಿಲ್ಲಿನಲ್ಲಿ ಬರೆಯುವ ಪುಸ್ತಕ. ಬೇಸಿನ್ ಬಿಳಿಯದೇ ಆಗಿರಬೇಕು, ಏಕೆಂದರೆ ಕಡು ಹಸಿರಿನ ಜೀರುಂಡೆ ಬಣ್ಣದ ಪಾತ್ರೆಯ ತಳದಲ್ಲಿ ಕಣ್ಮರೆಯಾಗುತ್ತದೆ.

ಈ ಕೆಲಸವನ್ನು ನಿಮ್ಮ ತೋಟದಲ್ಲಿ, ಇಲ್ಲವೇ ಯಜಮಾನರ ಒಪ್ಪಿಗೆಯಿರುವ ತೋಟದಲ್ಲಿ ಮಾತ್ರ ಮಾಡಿ. ನಾಗರಹೊಳೆ ರಾಷ್ಟ್ರೀಯ ಉದ್ಯಾನದಲ್ಲಾಗಲಿ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿಧಾಮಗಳಲ್ಲಾಗಲಿ ಅನುಮತಿಯಿಲ್ಲದೆ ಕೀಟ ಹಿಡಿಯುವುದು ಸಲ್ಲದು. ಸಿದ್ದಾಪುರ, ತಿತಿಮತಿ ಕಡೆಯ ತೋಟದ ಕೆರೆಗಳಿಗೆ ಆನೆಗಳು ಬರುವುದರಿಂದ ಸಂಜೆಯಾದ ಮೇಲೆ ಒಬ್ಬರೇ ಕೆರೆಯ ಬಳಿ ನಿಲ್ಲಬಾರದು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳಿಗೆ ಮಕ್ಕಳನ್ನು ಇಳಿಸಲೇಬಾರದು. ಒಮ್ಮೆ ಕಾಲು ಜಾರಿದರೆ ಹತ್ತಿಬರಲು ಹಿಡಿತವೇ ಸಿಗುವುದಿಲ್ಲ.

ಬೋರರನ್ನು ಹುಡುಕುವುದು

ಕಾಫಿ ಮಂಡಳಿಯ ಸಂಶೋಧಕರು, ಅಂದರೆ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕೇಂದ್ರದವರೂ ನಮ್ಮ ಚೆಟ್ಟಳ್ಳಿಯ ಉಪಕೇಂದ್ರದವರೂ, ಜೀರುಂಡೆ ಹಾರುವ ಕಾಲಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರಿನ ಹೊತ್ತಿಗೆ, ಬೋರರ್ ಹಿಡಿದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕೆಂದು ಹೇಳುತ್ತಾ ಬಂದಿದ್ದಾರೆ. ಹೀಗೆ ಕಿತ್ತ ಗಿಡಗಳೇ ನಮಗೆ ಬೇಕಾದ ವಸ್ತು. ಎಲೆ ಹಳದಿಯಾಗಿ ಬಾಡಿದ ಅರೇಬಿಕಾ ಗಿಡದ ಕಾಂಡವನ್ನು ಬುಡದಿಂದ ಮೇಲಕ್ಕೆ ಅಂಗೈಯಿಂದ ಸವರಿ ನೋಡಿ. ತೊಗಟೆಯ ಮೇಲೆ ಉಬ್ಬಿದ ಏಣುಗಳು ಕೈಗೆ ತಗಲಿದರೆ ಒಳಗೆ ಹುಳು ಓಡಾಡಿದೆಯೆಂದೇ ಅರ್ಥ. ಅನುಭವಿ ಕೆಲಸಗಾರರು ಕಣ್ಣಿಗಿಂತ ಕೈಯನ್ನೇ ಹೆಚ್ಚು ನಂಬುತ್ತಾರೆ. ಅವರ ಜೊತೆಯಲ್ಲಿ ಒಂದು ಬೆಳಗು ಸಾಲಿನುದ್ದಕ್ಕೂ ನಡೆದರೆ ಚಿತ್ರ ನೋಡಿ ಕಲಿಯುವುದಕ್ಕಿಂತ ಹೆಚ್ಚು ಕಲಿಯಬಹುದು.

ಕಿತ್ತ ಕಾಂಡವನ್ನು ಉದ್ದಕ್ಕೆ ಸೀಳಿ. ಸುರಂಗಗಳು ಕಾಣುತ್ತವೆ, ಆದರೆ ಅವು ಖಾಲಿಯಿರುವುದಿಲ್ಲ. ಹುಳು ತಾನು ಕೊರೆದ ಮರದ ಹುಡಿಯನ್ನು ತನ್ನ ಹಿಂದೆಯೇ ಬಿಗಿಯಾಗಿ ತುಂಬಿಕೊಂಡು ಹೋಗಿರುತ್ತದೆ. ಹೊರಗೆ ಹುಡಿ ಉದುರದಿರುವುದಕ್ಕೂ, ಗಿಡ ಬಾಡುವವರೆಗೆ ರೋಗ ತಿಳಿಯದಿರುವುದಕ್ಕೂ ಇದೇ ಕಾರಣ. ತೊಗಟೆಯ ಬಿರುಕಿನಲ್ಲಿಟ್ಟ ಮೊಟ್ಟೆ ಹತ್ತು ದಿನಗಳ ಆಸುಪಾಸಿನಲ್ಲಿ ಒಡೆಯುತ್ತದೆ. ಮರಿಹುಳು ಮೊದಲ ಎರಡು ತಿಂಗಳು ತೊಗಟೆಯ ಅಡಿಯಲ್ಲಿಯೇ ತಿಂದು, ಆಮೇಲೆ ಗಟ್ಟಿ ಮರದೊಳಗೆ ಹೋಗುತ್ತದೆ. ಬೆಳೆದು ಮುಗಿದಾಗ ತೊಗಟೆಯ ಸಮೀಪಕ್ಕೆ ಮರಳಿ ಕೋಶಾವಸ್ಥೆಗೆ ಸೇರುತ್ತದೆ. ಜೀರುಂಡೆ ಹೊರಬಂದ ಜಾಗದಲ್ಲಿ ಪೆನ್ಸಿಲ್ ತೂರದಷ್ಟು ಕಿರಿದಾದ ದುಂಡನೆಯ ತೂತು ಉಳಿಯುತ್ತದೆ. ಸೀಳಿದ ಕಾಂಡದ ಚಿತ್ರ ಬರೆಯುವಾಗ ಸುರಂಗದ ಆರಂಭ, ತಿರುವು, ಕೊನೆ ಈ ಮೂರನ್ನೂ ತೋರಿಸಿ. ಚಿತ್ರವು ಆ ಹುಳುವಿನ ಇಡೀ ವರ್ಷದ ದಿನಚರಿಯಾಗುತ್ತದೆ.

ಬೆಳೆದ ಜೀರುಂಡೆಗಾಗಿ ಒಂದೆರಡು ತುಂಡು ಕಾಂಡವನ್ನು ತಗಡಿನ ಡಬ್ಬಿಯಲ್ಲಿಟ್ಟು, ಬಾಯಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಕಟ್ಟಿ ಕಾಯಬಹುದು. ಬಟ್ಟೆ ಕಟ್ಟಬೇಡಿ, ಮರವನ್ನೇ ಕಡಿದು ಹೊರಬರುವ ದವಡೆಗೆ ಬಟ್ಟೆ ಯಾವ ಲೆಕ್ಕವೂ ಅಲ್ಲ. ಲಿಂಗಾಕರ್ಷಕ ಬಲೆಗಳನ್ನು ಕಟ್ಟಿದ ತೋಟವಾದರೆ ಅದರಲ್ಲಿ ಬಿದ್ದವುಗಳನ್ನೇ ತರಬಹುದು. ಈ ಪ್ರಭೇದದಲ್ಲಿ ವಾಸನೆ ಹೊಮ್ಮಿಸುವುದು ಗಂಡು, ಅದನ್ನು ಅರಸಿ ಬರುವುದು ಹೆಣ್ಣು. ಆದ್ದರಿಂದ ಬಲೆಗೆ ಬೀಳುವುದು ಮೊಟ್ಟೆಯಿಡಬೇಕಾದ ಹೆಣ್ಣೇ ಎಂಬುದು ಬೆಳೆಗಾರರಿಗೆ ಮುಖ್ಯ.

ಈಜುಜೀರುಂಡೆಯನ್ನು ಹಿಡಿಯುವುದು

ಕೆರೆಯಂಚಿನ ನೀರುಸಸ್ಯಗಳ ನಡುವೆ ಜರಡಿಯನ್ನು ತಳಕ್ಕೆ ತಾಗದಂತೆ ನಿಧಾನವಾಗಿ ಎಳೆದು, ಬಂದದ್ದನ್ನೆಲ್ಲ ಬೇಸಿನ್ನಿನ ನೀರಿಗೆ ಸುರಿಯಿರಿ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಮೊಟ್ಟೆಯಾಕಾರದ, ಕಪ್ಪುಹಸಿರು ಬೆನ್ನಿನ ಎರಡೂ ಪಕ್ಕಕ್ಕೆ ಹಳದಿ ಅಂಚಿರುವ ಜೀರುಂಡೆಯೇ ನಿಮಗೆ ಬೇಕಾದದ್ದು. ಇದೇ ಕುಲದ ಬೇರೆ ಪ್ರಭೇದಗಳು ಸಿಕ್ಕರೂ ಹೋಲಿಕೆಗೆ ಅಡ್ಡಿಯಿಲ್ಲ, ಪುಸ್ತಕದಲ್ಲಿ ಕುಲದ ಹೆಸರನ್ನಷ್ಟೇ ಬರೆದರೆ ಸಾಕು.

ಬರಿಗೈಯಲ್ಲಿ ಹಿಡಿಯುವ ಮುನ್ನ ಮಾತ್ರ ಚೆನ್ನಾಗಿ ನೋಡಿ. ಅದೇ ಕೆರೆಯಲ್ಲಿ ಇದಕ್ಕಿಂತ ದೊಡ್ಡದಾದ, ಚಪ್ಪಟೆಯಾದ ನೀರುತಿಗಣೆಯೂ ಇರಬಹುದು. ಅದರ ಬಾಯಿ ಚೂಪಾದ ಕೊಕ್ಕಿನಂತಿದ್ದು ಕುಟುಕಿದರೆ ವಿಪರೀತ ನೋವಾಗುತ್ತದೆ. ರೆಕ್ಕೆಗಳು ಬೆನ್ನಿನ ಮೇಲೆ ಒಂದರ ಮೇಲೊಂದು ಹಾಯ್ದಿದ್ದರೆ ತಿಗಣೆ, ನಡುವೆ ನೇರ ಗೆರೆಯಿದ್ದರೆ ಜೀರುಂಡೆ. ಈಜುಜೀರುಂಡೆಯ ಮರಿಹುಳುವೂ ಕುಡುಗೋಲಿನಂಥ ದವಡೆಗಳಿಂದ ಕಚ್ಚುತ್ತದೆ. ಅದನ್ನು ಚಮಚದಲ್ಲಿ ಎತ್ತುವುದೇ ಸರಿ.

ಪ್ರಶ್ನೆಗಳನ್ನು ಮೊದಲು ಬರೆಯುವುದು

ಹೋಲಿಕೆ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಬೋರರ್ ಬಗ್ಗೆ ಒಂದು ಪುಟ, ಈಜುಜೀರುಂಡೆಯ ಬಗ್ಗೆ ಒಂದು ಪುಟ ಬರೆದು ಎರಡನ್ನೂ ಅಕ್ಕಪಕ್ಕ ಇಟ್ಟರೆ ಅದು ಎರಡು ವರ್ಣನೆಯಾಗುತ್ತದೆಯೇ ಹೊರತು ಹೋಲಿಕೆಯಾಗುವುದಿಲ್ಲ. ಪುಟದ ನಡುವೆ ಪ್ರಶ್ನೆಯನ್ನು ಬರೆದು, ಎಡಕ್ಕೆ ಒಂದರ ಉತ್ತರ, ಬಲಕ್ಕೆ ಇನ್ನೊಂದರ ಉತ್ತರ ತುಂಬಿ. ಪ್ರಶ್ನೆ ಅಂಗದ ಬಗ್ಗೆ ಇರದೆ ಬದುಕಿನ ಬಗ್ಗೆ ಇರಲಿ: ಹೇಗೆ ಚಲಿಸುತ್ತದೆ, ಎಲ್ಲಿಂದ ಉಸಿರು ತೆಗೆದುಕೊಳ್ಳುತ್ತದೆ, ಏನು ತಿನ್ನುತ್ತದೆ, ಮೊಟ್ಟೆಯನ್ನು ಎಲ್ಲಿಡುತ್ತದೆ, ಹೊಸ ನೆಲೆಯನ್ನು ಹೇಗೆ ಹುಡುಕುತ್ತದೆ. ಪ್ರತಿ ಪ್ರಶ್ನೆಯನ್ನೂ ಮರಿಹುಳುವಿಗೊಮ್ಮೆ, ಬೆಳೆದ ಕೀಟಕ್ಕೊಮ್ಮೆ ಕೇಳಬೇಕು. ಬೆಳೆದ ಬೋರರನ್ನು ಮಾತ್ರ ನೋಡಿದವರಿಗೆ ಅದು ಮರದೊಳಗಿನ ಜೀವಿಯೆಂದು ಊಹಿಸಲೂ ಸಾಧ್ಯವಿಲ್ಲ.

ಚಲನೆಯಿಂದ ಆರಂಭಿಸೋಣ. ಬೋರರ್ ಒಂದೂವರೆ ಸೆಂಟಿಮೀಟರ್ ಆಸುಪಾಸಿನ, ಸಪೂರ ದೇಹದ, ಕಪ್ಪು ಮೈಮೇಲೆ ಬಿಳಿಚಿದ ಪಟ್ಟೆಗಳಿರುವ ಕೀಟ. ತೆಳುವಾದ ಉದ್ದ ಕಾಲುಗಳಿಂದ ಕಾಂಡದ ಮೇಲೆ ಸರಸರನೆ ಓಡುತ್ತದೆ. ಈಜುಜೀರುಂಡೆಯ ಹಿಂಗಾಲುಗಳು ಚಪ್ಪಟೆಯಾಗಿದ್ದು ಅಂಚಿಗೆ ದಟ್ಟವಾದ ಕೂದಲಿನ ಸಾಲಿದೆ. ಕಾಲನ್ನು ಹಿಂದಕ್ಕೆ ತಳ್ಳುವಾಗ ಕೂದಲು ಬಿಚ್ಚಿಕೊಂಡು ಹುಟ್ಟಿನಂತೆ ನೀರನ್ನು ನೂಕುತ್ತದೆ, ಮುಂದಕ್ಕೆ ತರುವಾಗ ಮಡಚಿಕೊಳ್ಳುತ್ತದೆ. ಬೇಸಿನ್ನಿನಲ್ಲಿ ಬಿಟ್ಟು ಗಮನಿಸಿ: ಎರಡೂ ಹಿಂಗಾಲುಗಳು ಒಟ್ಟಿಗೇ ಬೀಸುತ್ತವೆ. ಅದನ್ನೇ ನೆಲದ ಮೇಲಿಟ್ಟರೆ ತಡವರಿಸುತ್ತದೆ. ಗಂಡಿನ ಮುಂಗಾಲಿನ ಪಾದ ತಟ್ಟೆಯಂತೆ ಅಗಲವಾಗಿದ್ದು ಅಡಿಯಲ್ಲಿ ಹೀರುಬಟ್ಟಲುಗಳಿರುತ್ತವೆ. ನೀರಿನಲ್ಲಿ ಹೆಣ್ಣಿನ ನುಣುಪಾದ ಬೆನ್ನನ್ನು ಹಿಡಿಯಲು ಅದಿಲ್ಲದೆ ಆಗದು.

ಉಸಿರಾಟದ ಪ್ರಶ್ನೆ ಇವೆಲ್ಲಕ್ಕಿಂತ ಹೆಚ್ಚು ಸಮಯ ಬೇಡುತ್ತದೆ, ಮತ್ತು ಕೊಟ್ಟ ಸಮಯಕ್ಕೆ ತಕ್ಕ ಫಲವನ್ನೂ ಕೊಡುತ್ತದೆ. ಕೀಟಗಳು ಮೂಗಿನಿಂದಲ್ಲ, ದೇಹದ ಪಕ್ಕದಲ್ಲಿರುವ ಉಸಿರುರಂಧ್ರಗಳಿಂದ ಗಾಳಿ ತೆಗೆದುಕೊಳ್ಳುತ್ತವೆ. ಈಜುಜೀರುಂಡೆಯ ಹೊಟ್ಟೆಯ ರಂಧ್ರಗಳು ಗಡಸು ಮುಂರೆಕ್ಕೆಗಳ ಅಡಿಯಲ್ಲಿ ತೆರೆದುಕೊಳ್ಳುತ್ತವೆ, ಅಲ್ಲಿಯೇ ಗಾಳಿಯ ದಾಸ್ತಾನೂ ಇರುತ್ತದೆ. ಅದು ಹಿಂಭಾಗವನ್ನು ಮೇಲೆ ಮಾಡಿ ನೀರಿನ ಮೇಲ್ಮೈಗೆ ಬಂದು, ಬಾಲದ ತುದಿಯನ್ನಷ್ಟೇ ಹೊರಚಾಚಿ, ಹಳೆಯ ಗಾಳಿ ಬಿಟ್ಟು ಹೊಸದನ್ನು ತುಂಬಿಕೊಂಡು ಮುಳುಗುತ್ತದೆ. ಕೆಲವೊಮ್ಮೆ ಬಾಲದ ತುದಿಯಲ್ಲಿ ಬೆಳ್ಳಿಯ ಮಣಿಯಂಥ ಗುಳ್ಳೆ ಕಾಣುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕದ ಒಂದಿಷ್ಟು ಪಾಲು ಆ ಗುಳ್ಳೆಯೊಳಗೆ ಸೇರಿ ಕೀಟಕ್ಕೆ ಇನ್ನಷ್ಟು ಹೊತ್ತು ಒದಗುತ್ತದೆ. ಗಡಿಯಾರ ಹಿಡಿದು, ಒಂದು ಸಲ ಮೇಲೆ ಬಂದದ್ದರಿಂದ ಮುಂದಿನ ಸಲದವರೆಗೆ ಎಷ್ಟು ನಿಮಿಷವಾಯಿತೆಂದು ಹತ್ತು ಸಲ ಬರೆದುಕೊಳ್ಳಿ. ಮುಂಜಾನೆಯ ತಣ್ಣೀರಿನಲ್ಲಿ ಒಮ್ಮೆ, ಅದೇ ಬೇಸಿನ್ ಮಧ್ಯಾಹ್ನ ಬೆಚ್ಚಗಾದ ಮೇಲೆ ಇನ್ನೊಮ್ಮೆ ಎಣಿಸಿದರೆ, ಬೆಚ್ಚಗಿನ ನೀರಿನಲ್ಲಿ ಅದು ಹೆಚ್ಚು ಸಲ ಮೇಲಕ್ಕೆ ಬರುವುದು ತಿಳಿಯುತ್ತದೆ. ಬಿಸಿಲೇರಿದಂತೆ ದೇಹದ ಬೇಡಿಕೆ ಏರುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಇಳಿಯುತ್ತದೆ. ಬೇಸಿನ್ನನ್ನು ನೇರ ಬಿಸಿಲಿನಲ್ಲಿ ಮರೆತು ಬಿಡಬಾರದು.

ಬೋರರಿನಲ್ಲಿ ಇದೇ ಗಡಸು ರೆಕ್ಕೆಗಳು ಗಾಳಿಯನ್ನು ಕೂಡಿಡುವ ಕೆಲಸ ಮಾಡುವುದಿಲ್ಲ. ಮರದಿಂದ ಕಡಿದುಕೊಂಡು ಬರುವಾಗ ಒಳಗಿನ ತೆಳು ರೆಕ್ಕೆ ಹರಿಯದಂತೆ ಕಾಯುತ್ತವೆ. ಒಂದೇ ಅಂಗ ಒಂದು ಕಡೆ ಕವಚ, ಇನ್ನೊಂದು ಕಡೆ ಕವಚವೂ ಹೌದು, ಉಸಿರಿನ ಚೀಲವೂ ಹೌದು. ನನಗೆ ಇಡೀ ಹೋಲಿಕೆಯಲ್ಲಿ ಅತ್ಯಂತ ಸುಂದರವಾಗಿ ಕಂಡದ್ದು ಇದೇ.

ಮರಿಹುಳುಗಳನ್ನು ಅಕ್ಕಪಕ್ಕ ಇಟ್ಟರೆ ಇವು ಒಂದೇ ಗಣದವು ಎಂದು ನಂಬುವುದೇ ಕಷ್ಟ. ಬೋರರ್ ಹುಳು ಹಳದಿ ಮಿಶ್ರಿತ ಬಿಳುಪು, ತಲೆಯ ಕಡೆ ಅಗಲ, ಹಿಂದಕ್ಕೆ ಸಪೂರ, ಕಾಲುಗಳು ಇಲ್ಲವೆಂದೇ ಹೇಳಬೇಕು. ಸುರಂಗದ ಗೋಡೆಗೆ ಮೈಯೊತ್ತಿ ಮುಂದೆ ಸಾಗುವ ಪ್ರಾಣಿಗೆ ಕಾಲಿನಿಂದ ಪ್ರಯೋಜನವಿಲ್ಲ. ಈಜುಜೀರುಂಡೆಯ ಹುಳುವಿಗೆ ಆರು ಉದ್ದ ಕಾಲುಗಳಿವೆ, ಕಣ್ಣುಗಳಿವೆ, ಟೊಳ್ಳಾದ ದವಡೆಗಳಿವೆ. ಅದು ಗೊದಮೊಟ್ಟೆ, ಸೊಳ್ಳೆಮರಿ, ಸಣ್ಣ ಮೀನುಗಳನ್ನು ಹಿಡಿದು ದವಡೆಯ ಕೊಳವೆಯಿಂದ ಜೀರ್ಣರಸವನ್ನು ಬೇಟೆಯ ದೇಹಕ್ಕೆ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಉಸಿರಿಗಾಗಿ ತಲೆಕೆಳಗಾಗಿ, ಬಾಲದ ತುದಿಯ ರಂಧ್ರವನ್ನು ನೀರಿನ ಮೇಲ್ಮೈಗೆ ತಾಗಿಸಿ ತೂಗುತ್ತದೆ. ಬೆಳೆದ ಮೇಲೆ ನೀರು ಬಿಟ್ಟು ದಡಕ್ಕೆ ಹತ್ತಿ, ಹಸಿಮಣ್ಣಿನಲ್ಲಿ ಗೂಡು ಮಾಡಿ ಕೋಶಾವಸ್ಥೆಗೆ ಸೇರುತ್ತದೆ. ಹೀಗೆ ನೀರಿನ ಜೀರುಂಡೆಗೂ ಬಾಳಿನ ಒಂದು ಘಟ್ಟ ನೆಲದ ಮೇಲಿದೆ. ಕೆರೆಯ ಸುತ್ತ ಕಾಂಕ್ರೀಟ್ ಕಟ್ಟಿದರೆ ಆ ಘಟ್ಟಕ್ಕೆ ಜಾಗವಿರುವುದಿಲ್ಲ.

ಆಹಾರದ ಸಾಲನ್ನು ತುಂಬಿದ ಮೇಲೆ ಕಾಲದ ಸಾಲನ್ನೂ ಸೇರಿಸಿ. ಮರದಲ್ಲಿ ಪೋಷಕಾಂಶ ಕಡಿಮೆ, ಹಾಗಾಗಿ ಬೋರರ್ ಹುಳು ಬೆಳೆಯಲು ಒಂಬತ್ತು ಹತ್ತು ತಿಂಗಳು ಹಿಡಿಯುತ್ತದೆ, ಬೆಳೆದ ಜೀರುಂಡೆಯ ಆಯುಸ್ಸು ಕೆಲವು ವಾರ ಮಾತ್ರ. ಮಾಂಸ ತಿನ್ನುವ ಈಜುಜೀರುಂಡೆಯ ಹುಳು ಕೆಲವೇ ವಾರಗಳಲ್ಲಿ ಬೆಳೆದು ಮುಗಿಯುತ್ತದೆ, ಬೆಳೆದ ಕೀಟ ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಒಂದರ ಬಾಳು ಹುಳುವಾಗಿ ಕಳೆಯುತ್ತದೆ, ಇನ್ನೊಂದರದು ಜೀರುಂಡೆಯಾಗಿ. ಮೊಟ್ಟೆಯ ವಿಷಯ ಚಿಕ್ಕದು: ಒಂದು ತೊಗಟೆಯ ಬಿರುಕಿನಲ್ಲಿಡುತ್ತದೆ, ಇನ್ನೊಂದು ನೀರುಸಸ್ಯದ ದಂಟನ್ನು ಕೊರೆದು ಅದರೊಳಗೆ.

ಮೂರನೆಯದನ್ನು ತಂದು ನೋಡುವುದು

ಕಂಡ ಪ್ರತಿ ವ್ಯತ್ಯಾಸಕ್ಕೂ ‘ನೆಲೆಯೇ ಕಾರಣ’ ಎಂದು ಬರೆದುಬಿಡುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಬೋರರ್ ಉದ್ದಮೀಸೆಯ ಜೀರುಂಡೆಗಳ ಕುಟುಂಬಕ್ಕೆ ಸೇರಿದ್ದು, ಈಜುಜೀರುಂಡೆ ಬೇಟೆಗಾರ ಜೀರುಂಡೆಗಳ ಕವಲಿಗೆ ಸೇರಿದ್ದು. ಕೆಲವು ಲಕ್ಷಣಗಳು ವಂಶದಿಂದ ಬಂದವು, ನೆಲೆಗೂ ಅವಕ್ಕೂ ಸಂಬಂಧವಿಲ್ಲ. ಎರಡನ್ನೇ ನೋಡುತ್ತಾ ಕೂತರೆ ಇವನ್ನು ಬೇರ್ಪಡಿಸುವ ದಾರಿಯಿಲ್ಲ, ಮೂರನೆಯ ಜೀರುಂಡೆ ಬೇಕು. ಅದೇ ಕೆರೆಯಲ್ಲಿ ಹೈಡ್ರೊಫಿಲಿಡೇ ಕುಟುಂಬದ ಕಪ್ಪು ನೀರುಜೀರುಂಡೆಗಳೂ ಸಿಗುತ್ತವೆ. ಅವುಗಳ ಪೂರ್ವಜರು ಬೇರೆ, ನೀರಿಗೆ ಬಂದ ದಾರಿಯೂ ಬೇರೆ. ಅವು ಹಿಂಗಾಲುಗಳನ್ನು ಒಟ್ಟಿಗೆ ಬೀಸದೆ ಒಂದಾದ ಮೇಲೊಂದರಂತೆ ಆಡಿಸುತ್ತವೆ, ಗಾಳಿಗಾಗಿ ಬಾಲವನ್ನಲ್ಲ, ತಲೆಯನ್ನು ಮೇಲ್ಮೈಗೆ ತಂದು ಗದೆಯಂಥ ಮೀಸೆಯ ನೆರವಿನಿಂದ ಗಾಳಿ ಎಳೆದುಕೊಳ್ಳುತ್ತವೆ. ಆದರೂ ನುಣುಪಾದ ಬೆನ್ನು, ಕೂದಲಿನ ಹುಟ್ಟುಗಾಲು, ರೆಕ್ಕೆಯಡಿಯ ಗಾಳಿ ಎರಡರಲ್ಲಿಯೂ ಇವೆ. ಹೀಗೆ ಎರಡು ಬೇರೆ ವಂಶಗಳಲ್ಲಿ ಒಂದೇ ಬಗೆಯಾಗಿ ಮೂಡಿದ್ದನ್ನು ನೀರಿನ ಪರಿಣಾಮವೆಂದು ಧೈರ್ಯವಾಗಿ ಬರೆಯಬಹುದು. ಹಾಗೆಯೇ, ಬೇರೊಂದು ಕುಟುಂಬವಾದ ಹೊಳಪುಜೀರುಂಡೆಗಳಲ್ಲಿಯೂ ಮರ ಕೊರೆಯುವ ಹುಳುಗಳು ಕಾಲಿಲ್ಲದೆ, ಮುಂಭಾಗ ಅಗಲವಾಗಿ ಇರುತ್ತವೆ. ಬೋರರ್ ಹುಳುವಿನ ಆಕಾರಕ್ಕೆ ಮರವೇ ಕಾರಣವೆನ್ನಲು ಅದು ಆಧಾರ.

ನೆಲೆ ಹುಡುಕುವ ಬಗೆಯೂ ಬೆಳಕಿನ ವಿಷಯವೂ

ಕೊನೆಯ ಪ್ರಶ್ನೆ ತೋಟಕ್ಕೆ ನೇರವಾಗಿ ತಟ್ಟುವಂಥದ್ದು. ಈಜುಜೀರುಂಡೆ ಒಂದು ಕೆರೆಯಿಂದ ಇನ್ನೊಂದಕ್ಕೆ ರಾತ್ರಿ ಹಾರುತ್ತದೆ, ದೀಪಕ್ಕೂ ಬರುತ್ತದೆ. ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕಿನ ವಿಶೇಷ ಗುಣದಿಂದ ಅದು ನೀರನ್ನು ಗುರುತಿಸುತ್ತದೆ. ಹೊಳೆಯುವ ಪ್ಲಾಸ್ಟಿಕ್ ಹಾಳೆಯೂ ಕಾರಿನ ಮೇಲ್ಭಾಗವೂ ಅದಕ್ಕೆ ನೀರಿನಂತೆಯೇ ತೋರುವುದರಿಂದ ಅಲ್ಲಿಗೆ ಬಂದು ಬೀಳುವುದುಂಟು. ಕಣದ ಟಾರ್ಪಾಲಿನ ಮೇಲೆ ಬೆಳಿಗ್ಗೆ ಸಿಕ್ಕರೆ ಕೆರೆಗೆ ಬಿಡಿ.

ಬೋರರ್ ಇದಕ್ಕೆ ತೀರಾ ವಿರುದ್ಧ. ಅದು ಹಗಲಿನದು, ಬಿಸಿಲಿನದು. ಡಬ್ಬಿಯಲ್ಲಿರುವ ಜೀರುಂಡೆಯನ್ನು ಗಾಜಿನ ಬಾಟಲಿಗೆ ಹಾಕಿ ಗಟ್ಟಿಯಾಗಿ ಮುಚ್ಚಿ, ಬಾಟಲಿಯ ಅರ್ಧಕ್ಕೆ ಕಾಗದ ಸುತ್ತಿ ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಅದು ಯಾವ ಅರ್ಧದಲ್ಲಿ ಎಷ್ಟು ಹೊತ್ತು ಚುರುಕಾಗಿ ಓಡಾಡುತ್ತದೆ ಎಂದು ಬರೆದುಕೊಳ್ಳಿ. ತೋಟದಲ್ಲಿಯೂ ಬಿಸಿಲು ನೇರವಾಗಿ ಬೀಳುವ ಕಾಂಡಗಳನ್ನೇ ಹೆಣ್ಣು ಮೊಟ್ಟೆಯಿಡಲು ಆರಿಸಿಕೊಳ್ಳುತ್ತದೆ. 1860ರ ದಶಕದಲ್ಲಿ ಬೋರರ್ ಕೊಡಗು ಮತ್ತು ಸುತ್ತಲಿನ ಸೀಮೆಯ ತೋಟಗಳನ್ನು ಹಾಳುಗೆಡವಿದಾಗ ವೈದ್ಯಾಧಿಕಾರಿ ಜಾರ್ಜ್ ಬಿಡಿ ಅದನ್ನು ಪರಿಶೀಲಿಸಿದರು, ಅವರ ವರದಿ 1869ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೂ ಅರೇಬಿಕಾಕ್ಕೆ ನೆರಳೇ ಮೊದಲ ಕಾವಲು.

ಕೆಲಸ ಮುಗಿದ ಮೇಲೆ ಈಜುಜೀರುಂಡೆಯನ್ನೂ ಅದರ ಮರಿಯನ್ನೂ ಹಿಡಿದ ಕೆರೆಗೇ ಬಿಡಬೇಕು. ಬೋರರನ್ನು ಬಿಡಬಾರದು, ಡಬ್ಬಿಯಲ್ಲಿ ಬಂದವುಗಳನ್ನು ಕೊಂದು, ಸೀಳಿದ ಕಾಂಡಗಳನ್ನೆಲ್ಲ ಅಂದೇ ಸುಡಬೇಕು. ಒಲೆಗಾಯಿತೆಂದು ಸೌದೆಯ ರಾಶಿಗೆ ಸೇರಿಸಿದರೆ ಅಲ್ಲಿಂದಲೇ ಜೀರುಂಡೆಗಳು ಹೊರಟು ಪಕ್ಕದ ಸಾಲಿಗೆ ಹಾರುತ್ತವೆ. ಬೋರರ್ ಸಿಕ್ಕ ಗಿಡಗಳ ಜಾಗವನ್ನು ತೋಟದ ನಕ್ಷೆಯಲ್ಲಿ ಗುರುತು ಮಾಡಿ, ಮಧ್ಯಾಹ್ನ ಅಲ್ಲಿಗೆ ಹೋಗಿ ಮೇಲೆ ನೋಡಿ. ಸಿಲ್ವರ್ ಓಕ್ ಅಥವಾ ಹಾಲುವಾಣದ ಕೊಂಬೆಗಳ ನಡುವೆ ಆಕಾಶ ತೆರೆದುಕೊಂಡಿದ್ದರೆ, ಮುಂದಿನ ಮರಗಸಿಯಲ್ಲಿ (ನೆರಳುಮರಗಳ ಕೊಂಬೆ ಸವರುವ ಕೆಲಸದಲ್ಲಿ) ಆ ಮರಗಳಿಗೆ ಕತ್ತಿ ಹಾಕದಂತೆ ಬುಡಕ್ಕೆ ಸುಣ್ಣದ ಪಟ್ಟಿ ಬಳಿಯಿರಿ.